ಹುಪರಿಯ ಬಂಧುಗಳೇ, ಆ ಬಳಚು ಅಲ್ಲೇ ಇರಲಿ

ಹುಪರಿಗೂ ಸಮುದ್ರಕ್ಕೂ ಏನು ನಂಟು ಎಂದು ಕೇಳುವವರು ದೀಪಾವಳಿ ಮುಗಿದ ಮರುದಿನ ನಮ್ಮೂರಿಗೆ ಬರಬೇಕು. ಚಾಂದಿ ಕರಗಿಸುವ ಕುಲುಮೆಗಳು ತಣ್ಣಗಿರುತ್ತವೆ. ಪೈಂಜಣಕ್ಕೆ ಗೆಜ್ಜೆ ಬೆಸೆಯುವ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಓಣಿಯ ಬಾಯಲ್ಲಿ ಟೆಂಪೋ ಟ್ರಾವೆಲರ್‌ಗಳು ನಿಂತಿರುತ್ತವೆ. ಇಚಲಕರಂಜಿಯಲ್ಲಿ ಮಗ್ಗ ನಿಂತ ದಿನ ಅಲ್ಲೂ ಇದೇ ಸಡಗರ. ಗಡಹಿಂಗ್ಲಜದವರಿಗಂತೂ ಆಜರಾ ದಾಟಿ ಆಂಬೋಲಿ ಘಾಟ್ ಇಳಿದರೆ ಕೊಂಕಣ ಮನೆಯಂಗಳವೇ. ಕೆಲವರ ಗಾಡಿ ಮಾಲವಣ, ತಾರ್ಕರ್ಲಿ, ವೆಂಗುರ್ಲಾ ಕಡೆಗೆ ಹೊರಳುತ್ತದೆ. ಮನೆಯಲ್ಲಿ ಕನ್ನಡ ಆಡುವ ನಮ್ಮಂಥವರದು ಹೆಚ್ಚಾಗಿ ನಿಪ್ಪಾಣಿ, ಬೆಳಗಾವಿ ದಾಟಿ ಕಾರವಾರ, ಗೋಕರ್ಣ, ಕುಮಟೆಯ ದಾರಿ.

ಹೋಗಬೇಡಿ ಎನ್ನಲು ನಾನ್ಯಾರು? ವರ್ಷವಿಡೀ ಬೆಂಕಿಯ ಮುಂದೆ ಕೂತವರಿಗೆ ಎರಡು ದಿನದ ಗಾಳಿ ಬೇಕು. ನನ್ನ ತಕರಾರು ಪ್ರವಾಸದ ಬಗ್ಗೆ ಅಲ್ಲ. ಅಲ್ಲಿ ಹೋಗಿ ನಾವು ಆಡುತ್ತಿರುವ ಒಂದು ಆಟದ ಬಗ್ಗೆ. ಇಳಿತದ ಹೊತ್ತಿಗೆ ಅಳಿವೆಯ ಕೆಸರಿಗೆ ಇಳಿಯುವುದು, ಕಂಡಲ್ಲಿ ಕೈ ಹಾಕುವುದು, ಬಳಚು, ನೀಲಿಕಲ್ಲು, ಕಲ್ಲಿಗಂಟಿದ ಕಲ್ವ ಹೀಗೆ ಚಿಪ್ಪಿನ ಜೀವಿಗಳೆಲ್ಲವನ್ನೂ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು, ಫೋಟೋ ತೆಗೆದು ಊರಿಗೆ ಕಳಿಸುವುದು. ಮಾಲವಣದಲ್ಲಿ ಬಳಚನ್ನೇ ತಿಸರ್ಯಾ ಅನ್ನುತ್ತಾರೆ, ಆಟ ಒಂದೇ. ಉಗುರಿನಷ್ಟೂ ಬೆಳೆಯದ ಮರಿಯೂ ಚೀಲದಲ್ಲಿ. ಅರ್ಧದಷ್ಟು ಯಾರ ಬಾಯಿಗೂ ಬೀಳುವುದಿಲ್ಲ. ಹೋಮ್‌ಸ್ಟೇಯ ಬಕೆಟ್ಟಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ನಾರುತ್ತ, ತಿಪ್ಪೆ ಸೇರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನೀವೂ ಕಂಡಿದ್ದೀರಿ.

ನಾವು ಎಂಥ ಊರಿನವರು ಎಂಬುದನ್ನು ಇಲ್ಲಿ ನೆನಪಿಸಬೇಕು. ಚಾಂದಿ ಕೆಲಸದ ಮನೆಯಲ್ಲಿ ಕಸ ಗುಡಿಸಿದ ಮಣ್ಣನ್ನೂ ಬೀದಿಗೆ ಚೆಲ್ಲುವುದಿಲ್ಲ. ಝಾರೇಕರಿಗಳು ಬಂದು ಆ ಧೂಳು ತೊಳೆದು, ಅದರಲ್ಲಿ ಸಿಕ್ಕಿದ ಲೋಹದ ಕಣ ಬಸಿದುಕೊಂಡು ಹೊಟ್ಟೆ ಹೊರೆಯುತ್ತಾರೆ. ಒಂದು ಗುಂಜಿ ಬೆಳ್ಳಿಗೆ ಇಷ್ಟು ಲೆಕ್ಕ ಇಡುವ ಊರು, ಕರಾವಳಿಗೆ ಹೋದ ಕೂಡಲೇ ಅಳತೆ ತಪ್ಪಿದ್ದು ಹೇಗೆ? ಅಲ್ಲಿಯ ಕೆಸರಿಗೆ ಮಾಲೀಕರಿಲ್ಲ ಅಂದುಕೊಂಡಿದ್ದೇವೆ. ತಪ್ಪಾಗಿರುವುದು ಅಲ್ಲೇ.

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯನ್ನೇ ತೆಗೆದುಕೊಳ್ಳಿ. ಗೋಕರ್ಣಕ್ಕೆ ಹೋಗುವ ನಮ್ಮ ಗಾಡಿಗಳು ಅದರ ಅಂಚಿನಲ್ಲೇ ಹಾದುಹೋಗುತ್ತವೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೇ ಒಂದು ದೊಡ್ಡ ಅಣೆಕಟ್ಟಿನ ಮುಖ ಕಾಣದೆ, ತದಡಿಗೂ ಅಘನಾಶಿನಿ ಎಂಬ ಊರಿಗೂ ನಡುವೆ ಕಡಲು ಸೇರುವ ನದಿ ಅದು. ಅಣೆಕಟ್ಟು ಇಲ್ಲದ್ದರಿಂದ ಸಿಹಿನೀರು, ಹೂಳು, ಕಾಡಿನ ಎಲೆಗೊಬ್ಬರ ಎಲ್ಲ ಇಳಿದು ಬಂದು ಉಪ್ಪುನೀರಿಗೆ ಬೆರೆಯುತ್ತವೆ. ಆ ಬೆರಕೆಯಲ್ಲೇ ಬಳಚು ಹುಟ್ಟುವುದು, ಸಿಗಡಿ ಬೆಳೆಯುವುದು, ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ತೆನೆ ಬಿಡುವುದು. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ತಾಣವೆಂದು, ಅಂದರೆ ಜಗತ್ತಿಗೇ ಮುಖ್ಯವಾದ ಜೌಗುನೆಲವೆಂದು, ಘೋಷಣೆಯಾಯಿತು. ಅದಕ್ಕೂ ಮೊದಲು ಕರ್ನಾಟಕದಲ್ಲಿ ಆ ಮನ್ನಣೆ ಇದ್ದದ್ದು ರಂಗನತಿಟ್ಟಿಗೆ ಮಾತ್ರ.

ಘೋಷಣೆ, ಫಲಕ ಬದಿಗಿರಲಿ. ಲೆಕ್ಕ ನೋಡೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹದಿನೈದಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಅಳಿವೆಯ ಚಿಪ್ಪುಜೀವಿಗಳ ಬೆಲೆ ಕಟ್ಟಿದ್ದರು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಇಳುವರಿ, ಅದರ ಬೆಲೆ ಸುಮಾರು 5 ಕೋಟಿ 78 ಲಕ್ಷ ರೂಪಾಯಿ, ನೇರವಾಗಿ ದುಡಿಯುವವರು 2,300ಕ್ಕೂ ಹೆಚ್ಚು ಜನ. ಕೇಳಲು ದೊಡ್ಡ ಮೊತ್ತ. ಭಾಗಿಸಿ ನೋಡಿದರೆ ಒಬ್ಬರಿಗೆ ತಿಂಗಳಿಗೆ ಸರಾಸರಿ ಎರಡು ಸಾವಿರ ರೂಪಾಯಿ ಚಿಲ್ಲರೆ. ಚಿಪ್ಪು ಸಮೇತ ಕಿಲೋಗೆ ಮೂರು ರೂಪಾಯಿಯೂ ಬೀಳಲಿಲ್ಲ. ಅಂದಿನ ದರ ಅದು, ಇಂದು ಹೆಚ್ಚಿರಬಹುದು. ಆದರೆ ಶ್ರಮ ಕಡಿಮೆಯಾಗಿಲ್ಲ. ಸೊಂಟಮಟ್ಟದ ನೀರಿನಲ್ಲಿ ಬಗ್ಗಿ, ಅಂಗಾಲಿನಿಂದ ಕೆಸರು ತಡವಿ, ಬೆರಳಿನಿಂದ ಒಂದೊಂದಾಗಿ ಹೆಕ್ಕುವ ಕೆಲಸ ಅದು. ಕಲ್ವದ ಅಂಚು ಚಾಕುವಿನಷ್ಟು ಹರಿತ, ಕೈ ಸೀಳದ ದಿನವಿಲ್ಲ. ಈ ಕೆಲಸದ ದೊಡ್ಡ ಪಾಲು ಹೆಂಗಸರದು. ಅಂಬಿಗರು, ಹರಿಕಾಂತರು, ಹಾಲಕ್ಕಿ ಒಕ್ಕಲಿಗರು, ಹೊಲವಿಲ್ಲದ, ದೋಣಿ ಕೊಳ್ಳಲಾಗದ ಮನೆಗಳವರು. ಅವರಿಗೆ ಕಡಲು ಕೊಟ್ಟ ಒಂದೇ ಜಮೀನು ಆ ಕೆಸರಿನ ದಿಬ್ಬ. ಅದಕ್ಕೆ ಪಹಣಿ ಪತ್ರಿಕೆ ಇಲ್ಲ, ಅಷ್ಟೇ.

ನಮ್ಮ ಭಾಗದ ಯಾವುದಾದರೂ ಕಬ್ಬಿನ ಗದ್ದೆಗೆ ಮುಂಬಯಿಯ ನಾಲ್ಕು ಕುಟುಂಬ ಇಳಿದು, ಮಜಾ ಇದೆ ಎಂದು ಮೊಳಕೆಗಳನ್ನೆಲ್ಲ ಕಿತ್ತು ಕಾರಿನ ಡಿಕ್ಕಿಗೆ ತುಂಬಿಕೊಂಡರೆ ನಾವು ನಗುತ್ತ ನಿಲ್ಲುತ್ತಿದ್ದೆವೇ? ಬಡಿಗೆ ಹಿಡಿದು ಬರುತ್ತಿದ್ದೆವು. ಅಳಿವೆಯ ಹೆಂಗಸು ಬಡಿಗೆ ಹಿಡಿಯುವುದಿಲ್ಲ. ಬಿದಿರು ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ನಮ್ಮನ್ನು ನೋಡುತ್ತಾಳೆ, ಆಮೇಲೆ ಇನ್ನೂ ದೂರದ, ಇನ್ನೂ ಆಳದ ಜಾಗಕ್ಕೆ ನಡೆಯುತ್ತಾಳೆ. ಆ ಸುಮ್ಮನಿರುವಿಕೆಯನ್ನು ನಾವು ಒಪ್ಪಿಗೆ ಎಂದು ಓದುತ್ತಿದ್ದೇವೆ.

ಬಳಚಿನ ಬಾಳನ್ನು ಸ್ವಲ್ಪ ತಿಳಿದುಕೊಂಡರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಅದು ಮೀನಿನಂತೆ ಓಡಿಹೋಗದು. ಕೆಸರಿನಲ್ಲಿ ಬೆರಳುದ್ದ ಕೆಳಗೆ ಹೂತು, ಎರಡು ನಳಿಗೆ ಮೇಲೆ ಚಾಚಿ, ಒಂದರಿಂದ ನೀರೆಳೆದು ಇನ್ನೊಂದರಿಂದ ಬಿಡುತ್ತ, ನಡುವೆ ಸಿಕ್ಕಿದ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ಹೀಗೆ ಅಳಿವೆಯ ನೀರನ್ನು ಹಗಲಿರುಳು ಶುದ್ಧ ಮಾಡುವ ಕೂಲಿಯಿಲ್ಲದ ಕೆಲಸ ಅದರದು. ಅದು ಮೊಟ್ಟೆ ಮತ್ತು ವೀರ್ಯವನ್ನು ನೀರಿಗೇ ಬಿಡುತ್ತದೆ. ಗಂಡು ಹೆಣ್ಣು ಹತ್ತಿರ ಹತ್ತಿರ ದಟ್ಟವಾಗಿ ಇದ್ದರೆ ಮಾತ್ರ ಅವೆರಡೂ ಕೂಡುತ್ತವೆ. ದಿಬ್ಬ ತೆಳುವಾದರೆ ಉಳಿದ ಹತ್ತು ಬಳಚು ಹತ್ತು ಬಳಚಾಗಿಯೇ ಮುದಿಯಾಗುತ್ತವೆ, ಸಂತಾನವಿಲ್ಲ. ನಾವು ಅಗೆದು ಬಿಟ್ಟ ಗುಂಡಿಯ ಪಕ್ಕದಲ್ಲಿ ರಾಶಿಬಿದ್ದ ಕೆಸರಿನಡಿ ಸಣ್ಣವು ಉಸಿರುಗಟ್ಟಿ ಸಾಯುತ್ತವೆ. ನಾವು ಒಯ್ದದ್ದು ಒಂದು ಚೀಲ, ಕೊಂದದ್ದು ಅದಕ್ಕಿಂತ ಹೆಚ್ಚು.

ದಿಬ್ಬ ಬರಿದಾಗುವುದು ಹೇಗೆಂದು ನೋಡಬೇಕಾದರೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿಗೆ ಹೋಗಬೇಕು. ಅಲ್ಲಿಯ ಹಳದಿಕಾಲಿನ ಚಿಪ್ಪಿಗೆ ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾಗಳಿಂದ ಬೇಡಿಕೆ ಬಂದು, 1991ರ ಹೊತ್ತಿಗೆ ವರ್ಷಕ್ಕೆ ಹತ್ತು ಸಾವಿರ ಟನ್ ತೆಗೆದರು. ಎರಡೇ ವರ್ಷದಲ್ಲಿ ಇಳುವರಿ ಅರ್ಧಕ್ಕಿಳಿಯಿತು. ಆಗ ಎಚ್ಚೆತ್ತದ್ದು ಯಾರು? ಚಿಪ್ಪು ಹೆಕ್ಕುವವರೇ. ವಿಜ್ಞಾನಿಗಳ ಮಾತು ಕೇಳಿ ತಮಗೆ ತಾವೇ ಕಟ್ಟು ಹಾಕಿಕೊಂಡರು. ಬಳಚು ಸಂತಾನ ಬಿಡುವ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕೈ ಹಾಕುವಂತಿಲ್ಲ. ಸಣ್ಣವು ಜಾರಿಹೋಗುವಂತೆ ಬಲೆಯ ಕಣ್ಣು ದೊಡ್ಡದಿರಬೇಕು. ಯಂತ್ರ ತರುವಂತಿಲ್ಲ. ದಿಬ್ಬ ಮತ್ತೆ ತುಂಬಿತು. 2014ರ ನವೆಂಬರ್‌ನಲ್ಲಿ ಆ ಮೀನುಗಾರಿಕೆಗೆ, ಕಡಲು ಬರಿದಾಗದಂತೆ ಹಿಡಿಯುವವರಿಗೆ ಕೊಡುವ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಮೊದಲನೆಯದು. ಹೊಟ್ಟೆಪಾಡಿಗಾಗಿ ಹೆಕ್ಕುವ ಬಡವರು ಮೂರು ತಿಂಗಳು ಕೈ ಕಟ್ಟಿ ಕೂರಬಲ್ಲರು. ಆ ಮೂರು ತಿಂಗಳ ನಡುವೆಯೇ ನಮ್ಮ ಕ್ರಿಸ್‌ಮಸ್ ರಜೆ ಬೀಳುತ್ತದೆ, ನಾವು ಮೋಜಿಗಾಗಿ ಹೆಕ್ಕುವವರು ಎರಡು ದಿನ ತಡೆದುಕೊಳ್ಳಲಾರೆವು.

ನಮ್ಮವರೇ ಅಮೆರಿಕದಲ್ಲಿದ್ದಾರಲ್ಲ, ಸಿಯಾಟಲ್‌ನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ಮಕ್ಕಳು, ಅವರನ್ನು ಫೋನಿನಲ್ಲಿ ಕೇಳಿ. ಅಲ್ಲಿಯ ವಾಷಿಂಗ್ಟನ್ ರಾಜ್ಯದಲ್ಲಿ ದೊಡ್ಡವರು ಚಿಪ್ಪು ಹೆಕ್ಕಲು ದಡಕ್ಕಿಳಿಯುವ ಮುಂಚೆ ಲೈಸೆನ್ಸ್ ಕೊಳ್ಳಬೇಕು. ತಲೆಗೆ ದಿನಕ್ಕೆ 40 ಬಳಚು ಅಥವಾ 10 ಪೌಂಡ್, ಮೀರುವಂತಿಲ್ಲ. ಒಂದೂವರೆ ಇಂಚಿಗಿಂತ ಚಿಕ್ಕದನ್ನು ಮುಟ್ಟುವಂತಿಲ್ಲ. ಗಂಡ ಹೆಂಡತಿ ಒಂದೇ ಬುಟ್ಟಿಯಲ್ಲಿ ಹಾಕುವಂತಿಲ್ಲ, ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾತ್ರೆ. ಅಗೆದ ಗುಂಡಿಯನ್ನು ಅಗೆದವರೇ ಮುಚ್ಚಬೇಕು. ಕಲ್ವವನ್ನಂತೂ ದಿನಕ್ಕೆ 18ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಅದನ್ನೂ ದಡದಲ್ಲೇ ಬಿಡಿಸಿ ಚಿಪ್ಪನ್ನು ಸಿಕ್ಕ ಜಾಗದಲ್ಲೇ ಬಿಟ್ಟು ಬರಬೇಕು, ಏಕೆಂದರೆ ಮರಿ ಕಲ್ವ ಅಂಟಿಕೊಳ್ಳುವುದು ಹಳೆಯ ಕಲ್ವದ ಚಿಪ್ಪಿಗೇ. ವಿಷದ ಸುಳಿವು ಸಿಕ್ಕರೆ ಇಡೀ ದಡಕ್ಕೇ ಬೀಗ. ಅಲ್ಲಿ ನಮ್ಮ ಹುಡುಗರು ಅಳತೆಪಟ್ಟಿ ಹಿಡಿದು, ಎಣಿಸಿ, ಸಣ್ಣದನ್ನು ಮರಳಿ ಹೂತು ಬರುತ್ತಾರೆ. ಅದೇ ಹುಡುಗರು ರಜೆಗೆ ಬಂದು ಗೋಕರ್ಣಕ್ಕೆ ಹೋದಾಗ ಚೀಲದ ತಳ ಕಾಣುವುದಿಲ್ಲ. ದಂಡ ಹಾಕುವವನು ಇಲ್ಲಿ ಬೆನ್ನ ಹಿಂದೆ ಇಲ್ಲ ಎಂಬುದೊಂದೇ ವ್ಯತ್ಯಾಸ. ಇದಕ್ಕೆ ನಾಗರಿಕತೆ ಎಂಬ ಹೆಸರು ಕೊಡಲು ನನಗೆ ಬಾಯಿ ಬರುವುದಿಲ್ಲ.

ನಮ್ಮಲ್ಲಿ ಕಾನೂನು ಪೂರ್ತಿ ಮೂಕವಾಗಿದೆ ಎಂದೂ ತಿಳಿಯಬೇಡಿ. ಮಾಲವಣದ ಸಿಂಧುದುರ್ಗ ಕೋಟೆಯ ಸುತ್ತಣ ಕಡಲು 1987ರಿಂದ ಸಾಗರ ಅಭಯಾರಣ್ಯ. ಅಭಯಾರಣ್ಯದ ಮಿತಿಯೊಳಗಿಂದ ಅನುಮತಿಯಿಲ್ಲದೆ ಜೀವಿಯನ್ನು ತೆಗೆಯುವುದು ಅಪರಾಧ. ಹವಳ, ಕಡಲಬೀಸಣಿಗೆ, ಕಡಲಕುದುರೆ, ಹಲವು ಜಾತಿಯ ಶಂಖ–ಚಿಪ್ಪುಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದರು. ಗೋವೆಯ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಕೂಡಿಸುತ್ತಿದ್ದ ಆ ತೆಳ್ಳನೆಯ, ಬೆಳಕು ಹಾಯುವ ಚಿಪ್ಪೂ ಆ ಪಟ್ಟಿಯಲ್ಲಿದೆ. ಅಂದರೆ ಬಂದರಿನ ಅಂಗಡಿಯಲ್ಲಿ ತೂಗುಹಾಕಿದ ಚೆಂದದ ಚಿಪ್ಪು ಹುಲಿಚರ್ಮದ ಸಾಲಿಗೆ ಸೇರಿದ್ದೂ ಆಗಿರಬಹುದು.

ಈ ಮಾತು ಮಾಂಸ ತಿನ್ನದ ಮನೆಗಳಿಗೂ ಸಲ್ಲುತ್ತದೆ. ಹುಪರಿಯಲ್ಲಿ, ಸುತ್ತಲ ಹಳ್ಳಿಗಳಲ್ಲಿ ಜೈನರು ಬಹಳ, ಲಿಂಗಾಯತರು ಬಹಳ. ಅವರ ಮನೆಯ ಮಗು ದಡದಲ್ಲಿ ಸಜೀವ ಶಂಖ ಹೆಕ್ಕಿ ನೀರಿನ ಬಾಟಲಿಗೆ ತುಂಬಿದಾಗ, ಆಟಿಕೆ ಅಲ್ಲವೇ ಎಂದು ಸುಮ್ಮನಾಗುತ್ತಾರೆ. ಸಂಜೆ ಊಟವನ್ನೇ ಹೊತ್ತು ಮುಳುಗುವ ಮುನ್ನ ಮುಗಿಸುವ ಶಿಸ್ತಿನ ಜೈನರಾದರೂ, ಬಾಟಲಿಯೊಳಗೆ ಆ ಜೀವ ಎಷ್ಟು ಹೊತ್ತು ಒದ್ದಾಡುತ್ತದೆ ಎಂದು ಯೋಚಿಸಬಾರದೇ? ಖಾಲಿ ಚಿಪ್ಪೋ ಒಳಗೆ ಜೀವ ಇದೆಯೋ ಎಂದು ತಿರುಗಿಸಿ ನೋಡಲು ಕಲಿಸಿ. ಖಾಲಿಯಿದ್ದರೂ ಹಿಡಿ ತುಂಬ ಬೇಡ, ಒಂದು ಸಾಕು. ಸನ್ಯಾಸಿ ಏಡಿಗೆ ಅದೇ ಮನೆ.

ಇನ್ನು ನಾಲಿಗೆಯ ಆಸೆಯಿಂದ ಹೆಕ್ಕುವವರಿಗೆ ಒಂದು ಕಠಿಣ ಮಾತು. ಕಾಸರಗೋಡಿನ ಕುಂಬಳೆ ನಮಗೆಲ್ಲ ಯಕ್ಷಗಾನದ ಪಾರ್ತಿಸುಬ್ಬನ ಊರೆಂದು ಗೊತ್ತು. ಅದೇ ಕುಂಬಳೆಯ ಅಳಿವೆಯ ಬಳಚು ತಿಂದು 1983ರಲ್ಲಿ ಜನ ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ವಿಜ್ಞಾನಿಗಳು ಪರೀಕ್ಷಿಸಿದಾಗ ಕಂಡದ್ದು ನರಗಳನ್ನು ನಿಶ್ಚೇಷ್ಟಗೊಳಿಸುವ ವಿಷ. ಕೆಲವು ಕಾಲದಲ್ಲಿ ನೀರಿನಲ್ಲಿ ಒಂದು ಬಗೆಯ ಸೂಕ್ಷ್ಮ ಪಾಚಿ ಹೆಚ್ಚುತ್ತದೆ, ಬಳಚು ಅದನ್ನು ಸೋಸಿ ತಿಂದು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬಳಚಿಗೆ ಏನೂ ಆಗುವುದಿಲ್ಲ. ಆ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಕುದಿಸಿದರೂ ಹೋಗದು, ಹುಣಸೆ–ಕೊಕಮ್ ಹಾಕಿದರೂ ಹೋಗದು. ತುಟಿ ಜುಮುಗುಡುವುದು, ಬೆರಳು ಮರಗಟ್ಟುವುದು, ಆಮೇಲೆ ಉಸಿರಾಟವೇ ಸೋಲುವುದು. ಇದಕ್ಕೆ ಪ್ರತಿವಿಷವೂ ಇಲ್ಲ. ವಿಷ ಇಳಿಯುವ ತನಕ ಆಸ್ಪತ್ರೆಯಲ್ಲಿ ಉಸಿರು ಹಿಡಿದಿಡುವುದೊಂದೇ ದಾರಿ. 1997ರಲ್ಲಿ ಕೇರಳದ ವಿಳಿಂಜಂ ಕಡೆ ನೀಲಿಕಲ್ಲಿನ ಜಾತಿಯ ಚಿಪ್ಪು ತಿಂದು ಏಳು ಜನ ಸತ್ತರು, ಐನೂರಕ್ಕೂ ಹೆಚ್ಚು ಜನ ಆಸ್ಪತ್ರೆಗೆ ಹೋದರು. ಅವರಾರೂ ಪ್ರವಾಸಿಗರಲ್ಲ, ಕಡಲ ಮಕ್ಕಳು. ಅವರಿಗೇ ಹಾಗಾಗುವುದಾದರೆ, ಯಾವ ನೀರು ಈ ವಾರ ಹೇಗಿದೆ ಎಂಬ ಸುಳಿವೂ ಇಲ್ಲದ ನಾವು ಎಷ್ಟರವರು?

ವಿಷ ಒಂದು ಬದಿ, ಹೊಲಸು ಇನ್ನೊಂದು ಬದಿ. ಚರಂಡಿ ನೀರು ಬೀಳುವ ಕಡೆ ಬೆಳೆದ ಬಳಚು ಆ ರೋಗಾಣುಗಳನ್ನೂ ಸೋಸಿ ಹಿಡಿದಿರುತ್ತದೆ. 1988ರಲ್ಲಿ ಚೀನಾದ ಶಾಂಘಾಯ್ ನಗರದಲ್ಲಿ ಅರೆಬೆಂದ ಚಿಪ್ಪು ತಿಂದು ಸುಮಾರು ಮೂರು ಲಕ್ಷ ಜನರಿಗೆ ಕಾಮಾಲೆ ಅಂಟಿತು. ಕಾಮಾಲೆ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2012ರ ಬೇಸಿಗೆಯಲ್ಲಿ ಇಚಲಕರಂಜಿಯ ಮನೆಮನೆಯಲ್ಲೂ ಅದನ್ನು ಕಂಡಿದ್ದೇವೆ, ಸಾವನ್ನೂ ಕಂಡಿದ್ದೇವೆ.

ಹೊಲಸಿನ ಮಾತು ಬಂದರೆ ಮತ್ತೆ ನಮ್ಮ ಪಂಚಗಂಗೆ. ಆ ಹೊಳೆಯ ವಿಷಯ ಎತ್ತಿದರೆ ನನ್ನ ಧ್ವನಿ ಏರುತ್ತದೆ, ಕ್ಷಮಿಸಿ. ನಮ್ಮ ಹೊಳೆಗಳಲ್ಲೂ ಸಿಂಪಿಗಳಿವೆ, ಸಿಹಿನೀರಿನವು. ಅವುಗಳ ಮರಿ ಮೊದಲ ಕೆಲವು ದಿನ ಮೀನಿನ ಕಿವಿರಿಗೆ ಅಂಟಿಕೊಂಡೇ ಬದುಕಬೇಕು. ಮೀನಿಲ್ಲದ ಹೊಳೆಯಲ್ಲಿ ಸಿಂಪಿಯೂ ಇಲ್ಲ. ಬಣ್ಣದ ನೀರು, ಊರ ಚರಂಡಿ ಇಳಿದು ಬೇಸಿಗೆಯಲ್ಲಿ ಬಂಧಾರದ ಬಳಿ ಮೀನು ಸತ್ತು ತೇಲುವುದನ್ನು ನಾವು ಎಷ್ಟು ಸಲ ನೋಡಿಲ್ಲ? ಮೇಲಿನವರು ಮಾಡಿದ್ದನ್ನು ಕೆಳಗಿನವರು ಕುಡಿಯಬೇಕಾದ ಸಂಕಟ ಶಿರೋಳದವರಿಗೆ ಗೊತ್ತು, ನಮಗೂ ಗೊತ್ತು. ನಮ್ಮ ಹೊಳೆಯನ್ನು ಇನ್ಯಾರೋ ಬರಿದು ಮಾಡಿದರು ಎಂದು ಮೋರ್ಚಾ ತೆಗೆಯುವ ನಾವು, ಇನ್ನೊಬ್ಬರ ಅಳಿವೆಗೆ ಹೋಗಿ ಆ ‘ಇನ್ಯಾರೋ’ ಆಗಬಾರದು.

‘ಅಲ್ಲಿ ಲಾರಿಗಟ್ಟಲೆ ಮರಳು ಎತ್ತುತ್ತಾರೆ, ಬಂದರು ಕಟ್ಟಲು ಹೊರಟಿದ್ದಾರೆ, ನಮ್ಮ ಒಂದು ಚೀಲ ಯಾವ ಲೆಕ್ಕ?’ ಎಂದು ನನ್ನ ಮುಂದೆಯೇ ವಾದಿಸಿದವರಿದ್ದಾರೆ. ಮರಳು ಎತ್ತುವುದು ದೊಡ್ಡ ಪಾಪ, ಒಪ್ಪಿದೆ. ಬಳಚಿನ ದಿಬ್ಬವನ್ನು ಬುಡಸಮೇತ ಕೆಡಿಸುವ ಪಾಪ. ಆದರೆ ಅದರ ವಿರುದ್ಧ ಹೋರಾಡುವವರು ಯಾರು? ತದಡಿಗೆ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಎದ್ದು ನಿಂತು ಅದನ್ನು ಹಿಂದಕ್ಕೆ ಕಳಿಸಿದವರು ಅದೇ ದಡದ ಜನ. ಅವರ ಬುಟ್ಟಿ ಖಾಲಿ ಮಾಡಿ ಅವರ ಹೋರಾಟಕ್ಕೆ ಚಪ್ಪಾಳೆ ತಟ್ಟುವುದು ಯಾವ ನ್ಯಾಯ? ಒಂದು ಟೆಂಪೋದಲ್ಲಿ ಹದಿನೇಳು ಜನ. ಒಂದು ರಜಾ ವಾರದಲ್ಲಿ ಕೊಲ್ಲಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಎಲ್ಲೆಡೆಯಿಂದ ಬರುವ ಟೆಂಪೋ ಎಷ್ಟು? ‘ನನ್ನದೊಂದು ಚೀಲ’ ಎಂದು ಪ್ರತಿಯೊಬ್ಬರೂ ಹೇಳುತ್ತಾರೆ, ಆ ದಿಬ್ಬ ಎಲ್ಲ ಚೀಲವನ್ನೂ ತುಂಬಿಸಬೇಕು.

ಆದ್ದರಿಂದ ನನ್ನ ಕೋರಿಕೆ ಸುತ್ತುಬಳಸಿನದಲ್ಲ. ಕೀಳಬೇಡಿ, ಕೊಂಡುಕೊಳ್ಳಿ. ನೀವು ಅರ್ಧ ದಿನ ಕೆಸರಲ್ಲಿ ಹೊರಳಿ ತೆಗೆಯುವಷ್ಟನ್ನು ಆ ಬುಟ್ಟಿಯ ಹೆಂಗಸು ದಡದಲ್ಲಿ ಪಾಲು ಹಾಕಿಕೊಂಡು ಕೂತಿದ್ದಾಳೆ. ಯಾವುದು ಬೆಳೆದದ್ದು, ಯಾವ ಮೂಲೆಯ ನೀರು ಸರಿಯಿಲ್ಲ, ಬಾಯಿ ತೆರೆದು ಬಿದ್ದದ್ದನ್ನು ಯಾಕೆ ಎಸೆಯಬೇಕು ಎಲ್ಲ ಆಕೆಗೆ ಗೊತ್ತು. ಮಕ್ಕಳಿಗೆ ಕೆಸರಿನ ಆಟ ಬೇಕೇಬೇಕು ಎಂದರೆ ಆಕೆಯನ್ನೇ ಕೇಳಿ, ಆಕೆಯ ದಿನದ ಕೂಲಿ ಕೊಟ್ಟು, ಆಕೆಯ ಹಿಂದೆ ಹೋಗಿ ನೋಡಿ. ಉಬ್ಬರ ಯಾವಾಗ ತಿರುಗುತ್ತದೆ ಎಂದು ಆಕೆ ಬಲ್ಲಳು. ದಿನದಿನಕ್ಕೂ ಮುಕ್ಕಾಲು ಗಂಟೆಗೂ ಹೆಚ್ಚು ಸರಿಯುವ ಆ ಲೆಕ್ಕ ನಮ್ಮಂಥ ಬಯಲುಸೀಮೆಯವರಿಗೆ ದಕ್ಕುವುದಿಲ್ಲ, ಅದು ದಕ್ಕದೆ ಕಾಲುವೆಯ ನಡುವೆ ಸಿಕ್ಕಿಕೊಂಡರೆ ಈಜೂ ಬಾರದು. ಆಕೆ ಬೇಡ ಎಂದ ಕಡೆ ಬೇಡ. ಮುಟ್ಟಿ ನೋಡಿದ ಮರಿಯನ್ನು ಅದೇ ಜಾಗದಲ್ಲಿ ಕೆಸರಿಗೆ ಒತ್ತಿ ಬನ್ನಿ, ಕೆದಕಿದ ಗುಂಡಿಯನ್ನು ಕಾಲಿನಿಂದ ಸಮಮಾಡಿ ಬನ್ನಿ.

ಹೋಮ್‌ಸ್ಟೇ ನಡೆಸುವವರಿಗೂ ಒಂದು ಮಾತು. ‘ಬಳಚು ಕೀಳುವ ಅನುಭವ’ ಎಂದು ಜಾಹೀರಾತು ಹಾಕಿ ದಿಬ್ಬವನ್ನು ಮಾರಬೇಡಿ, ಅದು ನಿಮ್ಮ ಹಿತ್ತಲಲ್ಲ. ಪಂಚಾಯ್ತಿಗಳ ಕೈಯಲ್ಲಿ ಸಾಧನ ಇದೆ: 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ವ್ಯಾಪಾರಕ್ಕಾಗಿ ಅಲ್ಲಿಯ ಜೀವಸಂಪತ್ತು ಒಯ್ಯುವವರಿಂದ ಶುಲ್ಕ ಪಡೆಯುವ ಅಧಿಕಾರವೂ ಆ ಸಮಿತಿಗಿದೆ. ಆ ಸಮಿತಿಯಲ್ಲಿ ಬುಟ್ಟಿ ಹಿಡಿದ ಹೆಂಗಸು ಕೂರಲಿ. ಎಷ್ಟು ದೊಡ್ಡದಾದ ಮೇಲೆ ತೆಗೆಯಬೇಕು, ಯಾವ ತಿಂಗಳು ಬಿಡಬೇಕು, ಹೊರಗಿನವರು ಎಲ್ಲಿ ಕಾಲಿಡಬಾರದು ಎಂಬುದನ್ನು ಆಕೆ ಹೇಳಲಿ, ದಡದ ದಾರಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ನಿಲ್ಲಿಸಿ. ಓದಿ ನಡೆಯುವಷ್ಟು ಅಕ್ಷರ ನಮಗಿದೆ.

ಇತ್ತ ನಮ್ಮೂರಿನ ಕೆಲಸ ನಮ್ಮೂರಿನಲ್ಲಿದೆ. ಪ್ರವಾಸ ಹೊರಡಿಸುವ ಗೆಳೆಯರ ಬಳಗಗಳು, ಮಹಿಳಾ ಮಂಡಳಿಗಳು, ಶಾಲೆಯ ಪ್ರವಾಸ ಕರೆದೊಯ್ಯುವ ಗುರುಗಳು ಗಾಡಿ ಹತ್ತುವ ಮುಂಚೆಯೇ ಈ ಮಾತನ್ನು ಹೇಳಲಿ. ಡ್ರೈವರ್‌ಗೆ ಹೇಳಲಿ, ಮಕ್ಕಳಿಗೆ ಹೇಳಲಿ, ಎಲ್ಲರಿಗಿಂತ ಮೊದಲು ಚೀಲ ತುಂಬುವ ಗಂಡಸರಿಗೆ ಹೇಳಲಿ. ಈ ಸಲ ಘಾಟ್ ಇಳಿದು ದಡ ಮುಟ್ಟಿದಾಗ ಆ ಹೆಂಗಸಿನ ಎದುರು ಕುಳಿತು ಎರಡು ಪಾಲು ಬಳಚು ಕೊಳ್ಳಿ, ಆಕೆ ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿ.